‘ಆರಾಮ ಅದೀನಿ’ ಎಂಬ ದತ್ತಾಂಶ

ಹೋದ ವರ್ಷ ಫೆಬ್ರವರಿಯಲ್ಲಿ ಕಲಬುರಗಿ ಕಡೆಯ ಹುಡುಗಿಯೊಬ್ಬಳು ನನ್ನ ಟೇಬಲ್ಲಿನ ಮುಂದೆ ನೋ ಡ್ಯೂಸ್ ಫಾರ್ಮ್ ಹಿಡಿದು ನಿಂತಳು. ಲೈಬ್ರರಿ, ಲ್ಯಾಬು, ಹಾಸ್ಟೆಲು, ಜಿಮಖಾನಾ, ಎಲ್ಲ ಕಡೆಯ ಸಹಿ ಆಗಿತ್ತು. ವಿಭಾಗದ್ದೊಂದು ಬಾಕಿ. ಎರಡನೇ ಸೆಮಿಸ್ಟರನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೊರಟಿದ್ದಳು. ನಾನು ಪುಣೆಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಆ ವರ್ಷದ ‘ವಿದ್ಯಾರ್ಥಿ ಹೊಂದಾಣಿಕೆ ಸಮೀಕ್ಷೆ’ಯ ಲೆಕ್ಕ ಮಾಡಿದವನೂ ನಾನೇ. ಅವಳು ಅತ್ತ ಹೋದಮೇಲೆ ನೋಡೋಣ ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಅವಳೆದುರೇ ಕಪಾಟಿನಿಂದ ಅಕ್ಟೋಬರಿನ ಕಟ್ಟು ತೆಗೆದು ಅವಳ ಫಾರ್ಮ್ ಹುಡುಕಿದೆ. ಹಾಸ್ಟೆಲಿನ ಜೀವನ ಹಿಡಿಸಿದೆಯೇ? ಐದಕ್ಕೆ ಐದು. ಸಹಪಾಠಿಗಳೊಂದಿಗೆ ಬೆರೆಯುತ್ತೀರಾ? ಐದು. ಪಾಠ ಅರ್ಥವಾಗುತ್ತದೆಯೇ? ಐದು. ಮನೆಯ ನೆನಪಿನಿಂದ ಓದಿಗೆ ತೊಂದರೆಯಾಗಿದೆಯೇ? ಇಲ್ಲವೇ ಇಲ್ಲ.

‘ಇದೇನವ್ವಾ ಹಿಂಗ ಬರ್ದೀದಿ?’ ಅಂದೆ. ಅವಳು ಒಂದು ಗಳಿಗೆ ಫಾರ್ಮನ್ನೂ ನನ್ನನ್ನೂ ನೋಡಿ, ‘ಮತ್ತ ಹ್ಯಾಂಗ ಬರೀಬೇಕಿತ್ರಿ ಸರ್? ಅದು ನಿಮ್ಮ ಕೈಯಾಗೇ ಕೊಡೋದಿತ್ತಲ್ರಿ’ ಅಂದಳು.

ನಾನು ಸಹಿ ಹಾಕಿದೆ. ಬೇರೇನು ಮಾಡಲಿ? ನಮ್ಮ ಸಂಸ್ಥೆಗಳಲ್ಲಿ ವಿದ್ಯಾರ್ಥಿಯೊಬ್ಬ ನಿಜ ಹೇಳುವ ಫಾರ್ಮ್ ಎಂದರೆ ನೋ ಡ್ಯೂಸ್ ಒಂದೇ. ಯಾಕೆಂದರೆ ಅಲ್ಲಿ ಅವನಿಂದ ಯಾರೂ ಇನ್ನೇನನ್ನೂ ಕಸಿದುಕೊಳ್ಳುವಂತಿಲ್ಲ.

ಈ ಬರಹ ಆ ಹುಡುಗಿಯ ಬಗ್ಗೆ ಅಲ್ಲ. ಅಕ್ಟೋಬರಿನ ಆ ಕಟ್ಟಿನಿಂದ ನಾನು ತಯಾರಿಸಿಕೊಟ್ಟ ವರದಿಯ ಬಗ್ಗೆ. ‘ನಮ್ಮ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಕಾಲೇಜು ಜೀವನಕ್ಕೆ ಉತ್ತಮವಾಗಿ ಹೊಂದಿಕೊಂಡಿದ್ದಾರೆ’ ಎಂದು ಅದರಲ್ಲಿ ಬರೆದದ್ದು ನಾನು. ಕೆಳಗೆ ಚೆಂದದ ಕಂಬಚಿತ್ರ ಹಾಕಿದ್ದೂ ನಾನು. ದೇಶದ ತುಂಬ ಪ್ರತಿ ವರ್ಷ ಇಂಥ ವರದಿಗಳು, ಇವುಗಳ ಮೇಲೆ ಪ್ರಬಂಧಗಳು, ಪಿಎಚ್‌ಡಿಗಳು ಹುಟ್ಟುತ್ತಲೇ ಇವೆ. ನನ್ನ ವಾದ ಇಷ್ಟು: ಇವು ಅಳೆಯುತ್ತಿರುವುದು ಹೊಂದಾಣಿಕೆಯನ್ನಲ್ಲ, ಮರ್ಯಾದೆಯನ್ನು. ಅಳೆಯುವವರಿಗೂ ಅದು ಗೊತ್ತು. ಗೊತ್ತಿದ್ದೂ ಮಾಡುತ್ತಾರೆ, ಯಾಕೆಂದರೆ ಬರುವ ಉತ್ತರ ಎಲ್ಲರಿಗೂ ಬೇಕಾದ ಉತ್ತರ.

ಮನಶ್ಶಾಸ್ತ್ರದವರು ಇದಕ್ಕೆ ಸೋಶಿಯಲ್ ಡಿಸೈರಬಿಲಿಟಿ ಬಯಾಸ್ ಅನ್ನುತ್ತಾರೆ. ಪಠ್ಯಪುಸ್ತಕದ ಕನ್ನಡದಲ್ಲಿ ‘ಸಾಮಾಜಿಕ ಅಪೇಕ್ಷಣೀಯತೆಯ ಪೂರ್ವಗ್ರಹ’. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಗುತ್ತದೆ. ನಾನು ‘ಮರ್ಯಾದೆಯ ಉತ್ತರ’ ಅಂತಲೇ ಕರೆಯುತ್ತೇನೆ. ಕೇಳುವವನಿಗೆ ಯಾವುದು ಹಿತವೋ, ಹೇಳುವವನಿಗೆ ಯಾವುದರಿಂದ ಹೆಸರು ಕೆಡುವುದಿಲ್ಲವೋ ಆ ಉತ್ತರ. ಕನ್ನಡಿಗರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ‘ಊಟ ಆಯ್ತಾ?’ ಎನ್ನುವುದಕ್ಕಿಂತ ದೊಡ್ಡ ಸಮೀಕ್ಷೆ ನಮ್ಮ ನಾಡಿನಲ್ಲಿ ನಡೆದಿಲ್ಲ. ಬೆಳಗ್ಗೆಯಿಂದ ರಾತ್ರಿಯವರೆಗೆ ಕೋಟಿ ಜನ ಕೋಟಿ ಜನರನ್ನು ಕೇಳುತ್ತಾರೆ, ಉತ್ತರ ‘ಆಯ್ತು’. ಆ ಉತ್ತರಗಳನ್ನು ಕೂಡಿಸಿ, ಕರ್ನಾಟಕದಲ್ಲಿ ಹಸಿದವರೇ ಇಲ್ಲ ಎಂದು ಯಾರಾದರೂ ವರದಿ ಬರೆದರೆ ನಗುತ್ತೇವೆ. ಅದನ್ನೇ ಕಾಲೇಜಿನವರು ಮಾಡಿದರೆ ಸಂಶೋಧನೆ ಅನ್ನುತ್ತೇವೆ.

ಹಳೆಯ ಕಾಗದಗಳು ನೆನಪಿವೆಯೇ? ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಮೊದಲ ಸಾಲು. ಎರಡೂ ಕಡೆ ಕ್ಷೇಮ ಎಂದು ಮೊದಲು ಬರೆದುಬಿಟ್ಟು, ಆಮೇಲೆ ಅಜ್ಜ ತೀರಿಕೊಂಡ ಸುದ್ದಿ, ಎತ್ತು ಸತ್ತ ಸುದ್ದಿ. ಅಲ್ಲೊಂದು ಉಪಕಾರವಿತ್ತು: ಮರ್ಯಾದೆಯ ಸಾಲು ಮುಗಿದ ಮೇಲೆ ನಿಜಕ್ಕೆ ಜಾಗವಿತ್ತು. ನಮ್ಮ ಪ್ರಶ್ನಾವಳಿಗಳು ಮೊದಲ ಸಾಲಿಗೇ ನಿಂತುಬಿಡುತ್ತವೆ.

ಇನ್ನು ‘ಅಡ್ಜಸ್ಟ್’ ಎಂಬ ಶಬ್ದಕ್ಕೆ ಬರೋಣ. ಇಂಗ್ಲಿಷಿನಲ್ಲಿ ಅದಕ್ಕೆ ಏನೇ ಅರ್ಥವಿರಲಿ, ನಮ್ಮ ಬಸ್ಸಿನಲ್ಲಿ ಅದರ ಅರ್ಥ ಒಂದೇ: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರೆ ನೀನು ಕುಗ್ಗು, ನಾನು ಕೂರುತ್ತೇನೆ. ಮದುವೆಯಾಗಿ ಹೋಗುವ ಹುಡುಗಿಗೆ ಕೊಡುವ ಬುದ್ಧಿಯೂ ಅದೇ. ಅಡ್ಜಸ್ಟ್ ಮಾಡಿಕೊಳ್ಳದವಳು ಹಟಮಾರಿ, ಅಡ್ಜಸ್ಟ್ ಮಾಡಿಕೊಳ್ಳದವನು ತಲೆತಿರುಕ. ಅಂದಮೇಲೆ ‘ನೀನು ಅಡ್ಜಸ್ಟ್ ಆಗಿದ್ದೀಯಾ?’ ಎಂಬುದು ನಮ್ಮ ಮಕ್ಕಳ ಕಿವಿಗೆ ಸ್ಥಿತಿಗತಿಯ ಪ್ರಶ್ನೆಯಾಗಿ ಬೀಳುವುದೇ ಇಲ್ಲ. ‘ನೀನು ಒಳ್ಳೆಯವನೋ ಕೆಟ್ಟವನೋ?’ ಎಂದು ಕೇಳಿದ ಹಾಗಾಗುತ್ತದೆ. ಆ ಪ್ರಶ್ನೆಗೆ ಯಾರು ‘ಕೆಟ್ಟವನು’ ಎಂದು ಗುರುತು ಹಾಕುತ್ತಾರೆ? ಹಾಗೆಯೇ, ಕಾಲೇಜು ಆ ಹುಡುಗನಿಗೆ ಎಷ್ಟು ಅಡ್ಜಸ್ಟ್ ಆಗಿದೆ ಎಂದು ಕೇಳುವ ಪ್ರಶ್ನಾವಳಿಯನ್ನು ನಾನು ಈ ಇಪ್ಪತ್ತು ವರ್ಷದಲ್ಲಿ ಕೈಯಲ್ಲಿ ಹಿಡಿದಿಲ್ಲ.

ಪ್ರಶ್ನಾವಳಿಗಳನ್ನು ಮಾಡಿದವರು ದಡ್ಡರು ಅಂತ ನಾನು ಹೇಳುತ್ತಿಲ್ಲ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದ ರಾಬರ್ಟ್ ಬೇಕರ್ ಮತ್ತು ಬೋಡಾನ್ ಸಿರಿಕ್ 1984ರಲ್ಲಿ ಪ್ರಕಟಿಸಿದ್ದು. ಅದರ ಈಗಿನ ರೂಪದಲ್ಲಿ 67 ಹೇಳಿಕೆಗಳು, ಒಂಬತ್ತು ಮೆಟ್ಟಿಲಿನ ಉತ್ತರ. ಓದಿಗೆ ಹೊಂದಿಕೊಂಡದ್ದು, ಜನರೊಂದಿಗೆ ಹೊಂದಿಕೊಂಡದ್ದು, ಮೈಮನಸ್ಸಿನ ಆರೋಗ್ಯ, ಸಂಸ್ಥೆಯ ಮೇಲಿನ ಅಂಟು ಎಂದು ನಾಲ್ಕು ಭಾಗ. ನಮ್ಮಲ್ಲಿ ಎ. ಕೆ. ಪಿ. ಸಿನ್ಹಾ ಮತ್ತು ಆರ್. ಪಿ. ಸಿಂಗ್ ಅವರದು ಹೆಚ್ಚು ಬಳಕೆಯಲ್ಲಿದೆ: 102 ಪ್ರಶ್ನೆ, ಹೌದು-ಇಲ್ಲ ಉತ್ತರ, ಮನೆ, ಆರೋಗ್ಯ, ಸಮಾಜ, ಭಾವನೆ, ಶಿಕ್ಷಣ ಎಂದು ಐದು ಕ್ಷೇತ್ರ. ಇವನ್ನು ತಯಾರಿಸುವ ಹಿಂದೆ ಶ್ರಮವಿದೆ, ವಿವೇಕವೂ ಇದೆ. ಆದರೆ ಪ್ರಶ್ನಾವಳಿ ಎಷ್ಟೇ ಚೆನ್ನಾಗಿರಲಿ, ಅದನ್ನು ಯಾರ ಕೈಯಿಂದ ಪಡೆದು ಯಾರ ಕೈಗೆ ಕೊಡಬೇಕು ಎಂಬುದು ಅದರೊಳಗೆ ಅಚ್ಚಾಗಿಲ್ಲ. ನಮ್ಮ ಕಾಲೇಜಿನಲ್ಲಿ ಅದನ್ನು ಹಂಚುವವರು ಕ್ಲಾಸ್ ಮೆಂಟರ್, ಅಂದರೆ ಇಂಟರ್ನಲ್ ಅಂಕ ಹಾಕುವವರೇ. ಮೇಲ್ಗಡೆ ಬಲಮೂಲೆಯಲ್ಲಿ ರೋಲ್ ನಂಬರ್. ಹದಿನೈದು ನಿಮಿಷ. ಬರೆದ ಮೇಲೆ ಮುಂದಿನ ಬೆಂಚಿನವರಿಗೆ ದಾಟಿಸಿ. ದಾಟಿಸುವಾಗ ಅವರು ಓದುತ್ತಾರೆ, ಓದಿಯೇ ಓದುತ್ತಾರೆ.

ನಾನೂ ಒಮ್ಮೆ ಹಾಗೆ ಬರೆದವನೇ. 2003ರಲ್ಲಿ ಇಳಕಲ್ಲಿನ ಹತ್ತಿರದ ಹಳ್ಳಿಯಿಂದ ಎಂಎಸ್ಸಿಗೆಂದು ಪುಣೆಗೆ ಬಂದೆ. ಮೂರನೇ ತಿಂಗಳಲ್ಲಿ ಹಾಸ್ಟೆಲಿನ ರೆಕ್ಟರ್ ಒಂದು ಫಾರ್ಮ್ ಕೊಟ್ಟರು. ‘ನಿಮಗೆ ಇಲ್ಲಿ ಆಪ್ತ ಸ್ನೇಹಿತರಿದ್ದಾರೆಯೇ?’ ಎಂದಿತ್ತು. ಇದ್ದಾರೆ ಎಂದು ಬರೆದೆ. ಬರೆಯುವಾಗ ಮನಸ್ಸಿನಲ್ಲಿದ್ದದ್ದು ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯ ಹುಡುಗ. ಅವನು ವಿಜಯಪುರದವನು, ಪುಟಕ್ಕೆ ಐವತ್ತು ಪೈಸೆ ಕೊಟ್ಟರೆ ಜೊತೆಗೆ ಎರಡು ಕನ್ನಡ ಮಾತು. ಪೂರಾ ಸುಳ್ಳಂತೂ ಅಲ್ಲ ಅದು. ‘ಊಟ ಹಿಡಿಸುತ್ತದೆಯೇ?’ ಹೌದು. ಸಿಹಿ ಹಾಕಿದ ಬೇಳೆ ಗಂಟಲಿಗಿಳಿಯದೆ ವಡಾಪಾವ್ ಮೇಲೆ ದಿನ ಕಳೆಯುತ್ತಿದ್ದೆ. ‘ಪಾಠ ತಿಳಿಯುತ್ತದೆಯೇ?’ ಹೌದು. ಮೇಷ್ಟ್ರು ಇಂಗ್ಲಿಷಿನಲ್ಲಿ ಪ್ರಮೇಯ ಹೇಳಿ, ಮರಾಠಿಯಲ್ಲಿ ನಗೆಚಾಟಿಕೆ ಹೇಳುತ್ತಿದ್ದರು. ಪ್ರಮೇಯ ಅಷ್ಟಿಷ್ಟು ತಿಳಿಯುತ್ತಿತ್ತು. ನಗೆ ತಿಳಿಯದೆ, ಎಲ್ಲರೂ ನಕ್ಕ ಮೇಲೆ ಅರ್ಧ ಕ್ಷಣ ತಡವಾಗಿ ನಾನೂ ನಗುತ್ತಿದ್ದೆ. ಆ ಅರ್ಧ ಕ್ಷಣವನ್ನು ಅಳೆಯುವ ಪ್ರಶ್ನೆ ಫಾರ್ಮಿನಲ್ಲಿರಲಿಲ್ಲ.

ಯಾಕೆ ಹಾಗೆ ಬರೆದೆ ಎಂದು ಕೇಳಿಕೊಂಡರೆ, ರೆಕ್ಟರಿಗೆ ಹೆದರಿ ಅಂತ ಹೇಳುವುದು ಸುಲಭ. ಅದಷ್ಟೇ ಅಲ್ಲ. ಭಾನುವಾರ ರಾತ್ರಿ ಎಸ್‌ಟಿಡಿ ಬೂತಿನಿಂದ ಊರಿನ ಕಿರಾಣಿ ಅಂಗಡಿಗೆ ಫೋನು. ಅಲ್ಲಿಗೆ ಅವ್ವ ಬಂದು ಕಾಯುತ್ತಿದ್ದಳು. ಎದುರಿಗೆ ಕೆಂಪು ಅಂಕಿ ಓಡುತ್ತಿರುತ್ತದೆ. ‘ಉಂಡಿಯೇನೋ?’ ‘ಉಂಡೆ.’ ‘ಆರಾಮ ಅದಿಯಲ್ಲಾ?’ ‘ಆರಾಮ ಅದೀನಿ.’ ಜ್ವರ ಬಂದು ಮೂರು ದಿನ ಮಲಗಿದ್ದ ವಾರವೂ ಇದೇ ನಾಲ್ಕು ಮಾತು. ಅವಳ ಹಿಂದೆ ಅಂಗಡಿಯವನು, ಎಣ್ಣೆ ತೆಗೆದುಕೊಳ್ಳಲು ಬಂದ ನಾಲ್ಕು ಜನ ನಿಂತಿರುತ್ತಿದ್ದರು. ‘ಆರಾಮ ಇಲ್ಲ’ ಅಂದರೆ ಅದು ಅವ್ವನಿಗೆ ಮಾತ್ರ ಹೇಳಿದಂತಲ್ಲ, ಇಡೀ ಓಣಿಗೆ ಹೇಳಿದಂತೆ. ಅವ್ವನೂ ಅಷ್ಟೇ, ಆ ವರ್ಷ ಬಾವಿ ಬತ್ತಿದ್ದನ್ನು ನನಗೆ ಹೇಳಲೇ ಇಲ್ಲ. ಉಭಯ ಕುಶಲೋಪರಿ.

ಹೀಗೆ ವಾರಕ್ಕೊಮ್ಮೆ ತಾಲೀಮು ಮಾಡಿದ ನಾಲಿಗೆ ಫಾರ್ಮಿನ ಮುಂದೆ ಬೇರೆ ಏನು ಹೇಳೀತು? ಕೆನಡಾದ ಡೆಲ್ರಾಯ್ ಪೌಲ್‌ಹಸ್ 1984ರಲ್ಲೇ ಮರ್ಯಾದೆಯ ಉತ್ತರದಲ್ಲಿ ಎರಡು ಬಗೆ ಇವೆ ಎಂದು ಬಿಡಿಸಿ ತೋರಿಸಿದ. ಒಂದು, ಎದುರಿನವರ ಕಣ್ಣಿಗೆ ಚೆಂದ ಕಾಣಲು ಹೇಳುವುದು. ಇನ್ನೊಂದು, ತನ್ನನ್ನೇ ತಾನು ನಂಬಿಸಿಕೊಂಡು ಹೇಳುವುದು. ಮೊದಲನೆಯದು ಹೆಸರು ಬರೆಸದೆ ಕೇಳಿದರೆ ಇಳಿಯುತ್ತದೆ. ಎರಡನೆಯದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ವಲಸೆ ಬಂದವರಲ್ಲಿ ಮೊದಲನೆಯದು ಎರಡನೆಯದಾಗಿ ಗಟ್ಟಿಯಾಗುತ್ತದೆ ಎಂಬುದು ನನ್ನ ಅನುಭವ. ಎರಡು ವರ್ಷ ‘ಆರಾಮ ಅದೀನಿ’ ಎಂದು ಹೇಳುತ್ತ ಹೋದವನಿಗೆ, ಮೂರನೇ ವರ್ಷ ತಾನು ಆರಾಮಿಲ್ಲ ಎಂದು ತನಗೇ ಗೊತ್ತಾಗುವುದಿಲ್ಲ. ಹೊಟ್ಟೆನೋವು ಅಂತ ಡಾಕ್ಟರ ಹತ್ತಿರ ಹೋಗುತ್ತಾನೆ.

ಈಗ ನನ್ನ ಕಸುಬಿನ ಮಾತು. ಸುಳ್ಳು ಉತ್ತರಗಳಿಂದ ಲೆಕ್ಕ ಹದಗೆಡುತ್ತದೆ, ಆದ್ದರಿಂದ ತಜ್ಞರ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದು ನೀವು ತಿಳಿದಿರಬಹುದು. ಆಗುವುದು ತದ್ವಿರುದ್ಧ. ಪ್ರಶ್ನಾವಳಿ ಭರವಸೆಯದೋ ಅಲ್ಲವೋ ಎಂದು ನೋಡಲು ನಾವು ಕ್ರಾನ್‌ಬಾಕ್ ಆಲ್ಫಾ ಎಂಬ ಅಂಕಿ ತೆಗೆಯುತ್ತೇವೆ. ಒಬ್ಬನ ಉತ್ತರಗಳು ಒಂದಕ್ಕೊಂದು ಎಷ್ಟು ಒಗ್ಗಿವೆ ಎಂದು ಅದು ಹೇಳುತ್ತದೆ, 0.70 ದಾಟಿದರೆ ಗೈಡು ಖುಷಿ, 0.90 ಬಂದರೆ ಪೇಢೆ. ಆದರೆ ಒಗ್ಗುವುದು ಬೇರೆ, ನಿಜವಾಗಿರುವುದು ಬೇರೆ. ಕೆಲವರು ಮೊದಲಿಂದ ಕೊನೆಯತನಕ ಮರ್ಯಾದೆಯಿಂದ ಬರೆದು, ಇನ್ನು ಕೆಲವರು ಅಷ್ಟು ಮರ್ಯಾದೆ ಇಟ್ಟುಕೊಳ್ಳದೆ ಬರೆದರೆ, ಉತ್ತರಗಳು ಬಹಳ ಚೆನ್ನಾಗಿ ಒಗ್ಗುತ್ತವೆ. ಒಗ್ಗಿಸಿದ್ದು ಹೊಂದಾಣಿಕೆಯಲ್ಲ, ಮರ್ಯಾದೆ. ಆಲ್ಫಾ ಮಾತ್ರ ಮೇಲೇರುತ್ತದೆ. ನಿಷ್ಠೆಯಿಂದ ಹೇಳಿದ ಸುಳ್ಳಿಗೆ ನಮ್ಮ ಶಾಸ್ತ್ರ ಪ್ರಮಾಣಪತ್ರ ಕೊಡುತ್ತದೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ‘ಗ್ರಾಮೀಣ ಮತ್ತು ನಗರ ವಿದ್ಯಾರ್ಥಿಗಳ ಹೊಂದಾಣಿಕೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ.’ ಈ ವಾಕ್ಯವನ್ನು ನಾನು ಎಷ್ಟು ಪ್ರಬಂಧಗಳಲ್ಲಿ ತಿದ್ದಿದ್ದೇನೋ ಲೆಕ್ಕವಿಲ್ಲ. ವ್ಯತ್ಯಾಸ ಎಲ್ಲಿ ಹೋಯಿತು? ಕಷ್ಟ ಹೆಚ್ಚಿದ್ದವನೇ ಹೆಚ್ಚು ಮುಚ್ಚಿಡುತ್ತಾನೆ. ಕೊಥ್ರೂಡಿನ ಹುಡುಗ ‘ಬೋರ್ ಆಗಿದೆ’ ಎಂದು ಧೈರ್ಯವಾಗಿ ಮೂರು ಹಾಕುತ್ತಾನೆ. ಅವನಿಗೆ ಸಂಜೆ ಮನೆಗೆ ಹೋಗುವುದಿದೆ. ಸೇಡಂನ ಹುಡುಗಿ ಐದು ಹಾಕುತ್ತಾಳೆ. ಇಬ್ಬರ ಬದುಕಿನ ನಡುವಿನ ಅಂತರವನ್ನು ಮರ್ಯಾದೆ ತುಂಬಿಬಿಡುತ್ತದೆ, ಟಿ-ಟೆಸ್ಟಿಗೆ ನೆಲ ಸಮತಟ್ಟಾಗಿ ಕಾಣುತ್ತದೆ. ಆಮೇಲೆ ಆ ವಾಕ್ಯ ಹಿಡಿದು ‘ಹೊರ ಊರಿನವರಿಗೆ ಬೇರೆ ವ್ಯವಸ್ಥೆ ಯಾಕೆ ಬೇಕು, ವ್ಯತ್ಯಾಸವೇ ಇಲ್ಲವಲ್ಲ’ ಎಂದು ಮೀಟಿಂಗಿನಲ್ಲಿ ಹೇಳುತ್ತಾರೆ. ನಾನು ಆ ಮೀಟಿಂಗಿನಲ್ಲಿ ಕೂತಿದ್ದೇನೆ. ಬಿಸ್ಕೀಟು ತಿಂದಿದ್ದೇನೆ.

‘ಇದಕ್ಕೆಲ್ಲ ಔಷಧ ಇದೆ’ ಅನ್ನುವವರಿದ್ದಾರೆ. 1960ರಲ್ಲಿ ಡಗ್ಲಸ್ ಕ್ರೌನ್ ಮತ್ತು ಡೇವಿಡ್ ಮಾರ್ಲೋ ಮಾಡಿದ ಅಳತೆಗೋಲೊಂದಿದೆ, 33 ಹೇಳಿಕೆ, ಸರಿ-ತಪ್ಪು. ಯಾರ ಮೇಲೂ ತೀರಾ ಸಿಟ್ಟು ದ್ವೇಷ ಬಂದಿಲ್ಲ, ಕಷ್ಟದಲ್ಲಿದ್ದವರಿಗೆ ನೆರವಾಗಲು ಹಿಂದೆಮುಂದೆ ನೋಡಿಲ್ಲ ಎಂಬ ಧಾಟಿಯವು. ಮನುಷ್ಯಮಾತ್ರದವರು ಇವಕ್ಕೆಲ್ಲ ಹೌದು ಅನ್ನಲಾರರು. ಅಂದರೆ ಅವರು ಚೆಂದ ಕಾಣಲು ಬರೆಯುವವರು ಎಂದು ಗುರುತಿಸಿ, ಅವರ ಉಳಿದ ಅಂಕವನ್ನು ಅಷ್ಟು ಇಳಿಸು, ಇಲ್ಲವೇ ಫಾರ್ಮನ್ನೇ ತೆಗೆದುಹಾಕು. ಲೆಕ್ಕಕ್ಕೆ ಚೊಕ್ಕ. ಆದರೆ ಯೋಚಿಸಿ: ಹದಿನಾಲ್ಕು ಜನರ ಮನೆಯಲ್ಲಿ ಹಿರಿಮಗಳಾಗಿ ಬೆಳೆದವಳಿಗೆ ‘ನೆರವಾಗಲು ಹಿಂದೆಮುಂದೆ ನೋಡಿಲ್ಲ’ ಎಂಬುದು ಜಂಬವಲ್ಲ, ದಿನಚರಿ. ಹಿರಿಯರು ಕೊಟ್ಟ ಕಾಗದದ ಮೇಲೆ ಒಳ್ಳೆಯದನ್ನೇ ಬರೆಯಬೇಕು ಎಂದು ಕಲಿತವಳನ್ನು ನಾವು ಸುಳ್ಳುಗಾರರ ಪಟ್ಟಿಗೆ ಹಾಕಿ ಹೊರಗಿಡುತ್ತೇವೆ. ಯಾರ ಕಷ್ಟ ಕೇಳಬೇಕಿತ್ತೋ ಅವರೇ ಮೊದಲು ಜರಡಿಯಿಂದ ಕೆಳಗೆ. ಸುಳ್ಳು ಯಾಕೆ ಹುಟ್ಟಿತು ಎಂದು ಕೇಳದೆ ಎಷ್ಟು ಹುಟ್ಟಿತು ಎಂದು ಅಳೆದು ಕಳೆಯುವುದು ಔಷಧವಲ್ಲ.

ಇನ್ನೊಂದು ಪಂಗಡ ಈಚೆಗೆ ಬಲವಾಗುತ್ತಿದೆ. ಹುಡುಗರ ಮಾತು ನಂಬುವಂತಿಲ್ಲವಾದರೆ ಮಾತೇ ಬೇಡ, ಬಯೋಮೆಟ್ರಿಕ್ ಹಾಜರಿ ನೋಡೋಣ, ಮೆಸ್ಸಿನ ಕಾರ್ಡು ಎಷ್ಟು ಸಲ ಉಜ್ಜಿದರು ನೋಡೋಣ, ಹಾಸ್ಟೆಲಿನ ಗೇಟಿನ ಕ್ಯಾಮೆರಾ ನೋಡೋಣ. ನನ್ನ ವಾದವನ್ನು ಕೇಳಿ ತಲೆಯಾಡಿಸಿದ ಒಬ್ಬ ಹಿರಿಯ ಸಹೋದ್ಯೋಗಿ ಇದನ್ನೇ ಹೇಳಿದಾಗ ನನಗೆ ನನ್ನ ಮಾತಿನ ಮೇಲೇ ಹೆದರಿಕೆಯಾಯಿತು. ಹುಡುಗಿ ನಮ್ಮೆದುರು ನಿಜ ಹೇಳಲು ಹೆದರಿದಳು ಎಂದರೆ, ಹೆದರಿಕೆ ಕಡಿಮೆ ಮಾಡಿ ಎಂದರ್ಥ. ಅವಳ ಬಾಯಿ ಬಿಟ್ಟು ಬೆರಳಚ್ಚು ಹಿಡಿಯಿರಿ ಅಂತಲ್ಲ. ಮೆಸ್ಸಿಗೆ ಮೂರು ಹೊತ್ತು ಹೋಗಿ ಮೂರು ಹೊತ್ತೂ ಒಬ್ಬಳೇ ಕೂತವಳ ಕಾರ್ಡು ಏನು ಹೇಳುತ್ತದೆ?

ಮೇಲಿನವರಿಗೆ ಬೇಕಾದದ್ದು ಬೇರೆಯೇ. ನ್ಯಾಕ್ 2017ರಿಂದ ಮೌಲ್ಯಮಾಪನದಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ಸೇರಿಸಿತು. ಆಯ್ಕೆ ಗುರುತಿಸುವ 20 ಪ್ರಶ್ನೆ, ಕೊನೆಗೆ ಬರೆದು ಹೇಳುವ ಒಂದು ಪ್ರಶ್ನೆ. ವಿದ್ಯಾರ್ಥಿಗಳ ವಿಳಾಸ ಕೊಡುವುದು ಕಾಲೇಜೇ. ಉದ್ದೇಶ ಚೆನ್ನಾಗಿತ್ತು, ಹುಡುಗರನ್ನು ಕೇಳುವುದು ತಪ್ಪಲ್ಲ. ಆದರೆ ಆ ವಾರ ತರಗತಿಗೆ ತರಗತಿಗೆ ಹೋಗಿ ‘ನೋಡ್ರಪ್ಪಾ, ಕಾಲೇಜಿನ ಗ್ರೇಡು ಬಿದ್ದರೆ ನಿಮ್ಮ ಡಿಗ್ರಿಯ ಬೆಲೆಯೇ ಬೀಳುತ್ತದೆ’ ಎಂದು ತಿಳಿಹೇಳಿದವರಲ್ಲಿ ನನ್ನ ಜೊತೆಯವರೇ ಇದ್ದಾರೆ. ಅದು ಬೆದರಿಕೆಯೂ ಅಲ್ಲ, ಪಾಪ, ಸತ್ಯವೇ. ಹುಡುಗ ಸುಳ್ಳು ಹೇಳುವುದರಲ್ಲಿ ಅವನ ಸ್ವಂತ ಲಾಭವನ್ನೂ ನಾವು ಕಟ್ಟಿಕೊಟ್ಟಿದ್ದೇವೆ. ಪ್ರತಿ ವರ್ಷ ವಿದ್ಯಾರ್ಥಿಯೂ ಪೋಷಕರೂ ತುಂಬುವ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯ ಕತೆ ಬೇರೆ ಹೇಳುವುದು ಬೇಡ. ಅದು ಸೈಬರ್ ಕೆಫೆಯವನು ಎಲ್ಲರ ಪರವಾಗಿ ಟಿಕ್ ಮಾಡುವ ವಸ್ತು.

ಮರ್ಯಾದೆಯ ಭಾರ ಎಲ್ಲರ ಹೆಗಲ ಮೇಲೂ ಒಂದೇ ಅಲ್ಲ. ‘ನಿನ್ನ ರ‍್ಯಾಂಕ್ ಎಷ್ಟು?’ ಎಂದು ಮೊದಲ ದಿನವೇ ಕೇಳಿ ಜಾತಿ ತಿಳಿದುಕೊಳ್ಳುವ ಕ್ಯಾಂಪಸ್ಸಿನಲ್ಲಿ, ಮೀಸಲಾತಿಯಲ್ಲಿ ಬಂದ ಹುಡುಗ ‘ಪಾಠ ಕಷ್ಟವಾಗುತ್ತಿದೆ’ ಎಂದು ಬರೆದರೆ ಅದು ಪಾಠದ ಬಗ್ಗೆ ಬರೆದಂತೆ ಆಗುವುದಿಲ್ಲ. ‘ನೋಡಿ, ಹೇಳಿರಲಿಲ್ಲವೇ’ ಎನ್ನುವವರ ಕೈಗೆ ಕಲ್ಲು ಕೊಟ್ಟಂತೆ. ಅವನು ಐದೇ ಹಾಕಬೇಕು, ಬೇರೆ ದಾರಿಯಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ-ಪಂಗಡಗಳ ವಿದ್ಯಾರ್ಥಿಗಳ ಸ್ಥಿತಿ ತಿಳಿಯಲು ನೇಮಿಸಿದ ಸುಖದೇವ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಹಾಸ್ಟೆಲಿನ ಕೋಣೆ, ಮೆಸ್ಸಿನ ಊಟ, ಆಟ, ಮೇಷ್ಟ್ರ ನಡವಳಿಕೆ ಎಂದು ಬಿಡಿಬಿಡಿಯಾಗಿ ನೋಡಿದಾಗ ಹಾಸ್ಟೆಲಿನಲ್ಲೇ ಆ ಹುಡುಗರು ಬೇರೆಯಾಗಿ ಬಿದ್ದದ್ದು ಕಾಣಿಸಿತು. ‘ನೀವು ಚೆನ್ನಾಗಿ ಹೊಂದಿಕೊಂಡಿದ್ದೀರಾ?’ ಎಂದು ಕೇಳಿದ್ದರೆ ಏನು ಕಾಣುತ್ತಿತ್ತೋ ನೀವೇ ಊಹಿಸಿ.

ಈಗ ನಮ್ಮ ಮೇಲೇ ಒಂದು ಮಾತು. ಈ ಪತ್ರಿಕೆ ಓದುವವರು ಹೆಚ್ಚುಕಡಿಮೆ ಎಲ್ಲರೂ ಹೀಗೆ ಬಂದವರೇ. ನವೆಂಬರಿನಲ್ಲಿ ಕನ್ನಡ ಸಂಘದ ವೇದಿಕೆ ಹತ್ತಿ ನಾವು ಏನು ಹೇಳುತ್ತೇವೆ? ಕೈಯಲ್ಲಿ ಒಂದು ಟ್ರಂಕು, ಜೇಬಿನಲ್ಲಿ ಇನ್ನೂರು ರೂಪಾಯಿ, ಭಾಷೆ ಬರದು, ಆದರೂ ಎದೆಗುಂದಲಿಲ್ಲ. ಚಪ್ಪಾಳೆ. ಎದೆಗುಂದಿದ್ದನ್ನು, ಸ್ವಾರಗೇಟಿನ ತನಕ ಚೀಲ ಹೊತ್ತು ಹೋಗಿ ಊರಿನ ಬಸ್ಸು ನೋಡಿ ವಾಪಸು ಬಂದದ್ದನ್ನು ಯಾರೂ ಹೇಳುವುದಿಲ್ಲ. ಹಿಂದಿನ ಸಾಲಿನಲ್ಲಿ ಹೋಳಿಗೆಗೆ ಕಾಯುತ್ತ ಕೂತ ಮೊದಲ ವರ್ಷದ ಹುಡುಗರು ಇದನ್ನು ಕೇಳಿ, ಸರಿಯಾದ ಉತ್ತರ ಯಾವುದು ಎಂದು ಕಲಿತುಕೊಳ್ಳುತ್ತಾರೆ. ಮರುದಿನ ವಾಟ್ಸಾಪ್ ಗುಂಪಿನಲ್ಲಿ ‘ಹೇಗಿದೀಯಪ್ಪಾ?’ ಅಂದರೆ ‘ಎಲ್ಲಾ ಸೂಪರ್ ಅಣ್ಣಾ’ ಎಂದು ಹೆಬ್ಬೆರಳು ಎತ್ತುತ್ತಾರೆ. ಪ್ರಶ್ನಾವಳಿ ತಯಾರಿಸಿದವರನ್ನು ಬೈಯುವ ಮೊದಲು ಉತ್ತರದ ಕೀಲಿ ಹಂಚಿದವರು ನಾವು ಎಂಬುದನ್ನು ಒಪ್ಪಬೇಕು. ನಾನೂ ಆ ವೇದಿಕೆಯ ಮೇಲೆ ಎರಡು ಸಲ ನಿಂತಿದ್ದೇನೆ. ನನ್ನ ಜೇಬಿನಲ್ಲಿ ಇದ್ದದ್ದು ಇನ್ನೂರಲ್ಲ, ಸಾವಿರದ ಇನ್ನೂರು.

ಹಾಗಾದರೆ ಕೇಳುವುದೇ ಬೇಡವೇ? ಕೇಳಬೇಕು, ಕೇಳುವ ರೀತಿ ಬದಲಾಗಬೇಕು. ಮೊದಲನೆಯದಾಗಿ ಕೇಳುವವರು ಅಂಕ ಕೊಡುವವರಾಗಿರಬಾರದು. ಇಷ್ಟು ಮಾಡಿದರೆ ಅರ್ಧ ಕೆಲಸ ಆದಂತೆ. ಗುಣದ ಪ್ರಶ್ನೆ ಬಿಟ್ಟು ಸಂಗತಿಯ ಪ್ರಶ್ನೆ ಕೇಳಬೇಕು. ‘ಬೆರೆಯುತ್ತೀರಾ?’ ಎಂದರೆ ಮರ್ಯಾದೆ ಉತ್ತರಿಸುತ್ತದೆ. ‘ಕಳೆದ ಏಳು ದಿನದಲ್ಲಿ ಎಷ್ಟು ರಾತ್ರಿ ಒಬ್ಬರೇ ಉಂಡಿರಿ?’ ಎಂದರೆ ಲೆಕ್ಕ ಹಾಕಬೇಕಾಗುತ್ತದೆ, ಲೆಕ್ಕ ಹಾಕುವಾಗ ನಿಜ ಬಾಯಿಗೆ ಬರುತ್ತದೆ. ‘ಹೋದ ಸಲ ಜ್ವರ ಬಂದಾಗ ಔಷಧ ತಂದುಕೊಟ್ಟವರು ಯಾರು?’ ಎಂಬ ಒಂದು ಪ್ರಶ್ನೆ ನಿಮ್ಮ ಹತ್ತು ಪ್ರಶ್ನೆಗೆ ಸಮ. ಅವರವರ ಭಾಷೆಯಲ್ಲಿ ಕೇಳಬೇಕು. ಇಂಗ್ಲಿಷಿನ ಕಾಗದದ ಮೇಲೆ ‘ಇಂಗ್ಲಿಷ್ ಕಷ್ಟವೇ?’ ಎಂದು ಕೇಳುವ ನಮ್ಮ ಜಾಣತನಕ್ಕೆ ಏನೆನ್ನಲಿ? ಮೊದಲ ವಾರದ ಹೂಗುಚ್ಛದ ಹೊತ್ತಿನಲ್ಲಿ ಕೇಳಬಾರದು, ದೀಪಾವಳಿಗೆ ಊರಿಗೆ ಹೋಗಿ ವಾಪಸು ಬಂದ ವಾರ ಕೇಳಬೇಕು.

ತೀರಾ ಸೂಕ್ಷ್ಮವಾದದ್ದಕ್ಕೆ ನಾಣ್ಯ ಬಳಸಬಹುದು. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಎಂಬಾತ ಕೊಟ್ಟ ಉಪಾಯದ ಸರಳ ರೂಪ ಇದು. ನೂರು ಹುಡುಗರು. ಪ್ರಶ್ನೆ: ‘ಓದು ಬಿಟ್ಟು ಊರಿಗೆ ಹೋಗಿಬಿಡೋಣ ಎಂದು ಈ ತಿಂಗಳಲ್ಲಿ ಚೀಲ ಕಟ್ಟಿದ್ದುಂಟೇ?’ ಪ್ರತಿಯೊಬ್ಬರೂ ಯಾರಿಗೂ ಕಾಣದಂತೆ ನಾಣ್ಯ ಚಿಮ್ಮಬೇಕು. ಸಿಂಹದ ಮುಖ ಬಿದ್ದರೆ ಏನೇ ಇರಲಿ ‘ಹೌದು’ ಎಂದು ಬರೆಯಬೇಕು, ಇನ್ನೊಂದು ಮುಖ ಬಿದ್ದರೆ ನಿಜ ಬರೆಯಬೇಕು. ‘ಹೌದು’ ಎಂದವನು ನಾಣ್ಯದಿಂದ ಅಂದನೋ ಮನಸ್ಸಿನಿಂದ ಅಂದನೋ ಯಾರಿಗೂ ತಿಳಿಯದು, ಮೇಷ್ಟ್ರಿಗೂ ಪಕ್ಕದವನಿಗೂ. ಆದರೆ 65 ಹೌದು ಬಂದವು ಅನ್ನೋಣ: ಸುಮಾರು 50 ನಾಣ್ಯದ ಪಾಲು, ಉಳಿದ 50 ಜನರಲ್ಲಿ 15 ಹೌದು, ಅಂದರೆ ನೂರಕ್ಕೆ 30 ಜನ ಚೀಲ ಕಟ್ಟಿದ್ದಾರೆ. ಯಾರು ಎಂಬುದು ಗೊತ್ತಿಲ್ಲ, ಎಷ್ಟು ಎಂಬುದು ಗೊತ್ತು. ಚಿಕ್ಕ ತರಗತಿಯಲ್ಲಿ ಈ ಲೆಕ್ಕ ಆಚೀಚೆ ಓಲಾಡುತ್ತದೆ, ದೊಡ್ಡ ಗುಂಪು ಬೇಕು. ನಾನು ಪಾಠಕ್ಕೆಂದು ಒಮ್ಮೆ ಮಾಡಿ ನೋಡಿದೆ. ಮೊದಲು ಕೈ ಎತ್ತಿ ಅಂದಾಗ ಒಂದೂ ಕೈ ಏಳಲಿಲ್ಲ. ನಾಣ್ಯ ಚಿಮ್ಮಿಸಿ ಕಾಗದ ಎಣಿಸಿದಾಗ ಅರ್ಧಕ್ಕಿಂತ ಬಹಳ ಹೆಚ್ಚು ‘ಹೌದು’. ಎಣಿಕೆ ಮುಗಿದು ಬೋರ್ಡಿನ ಮೇಲೆ ಬರೆದಾಗ ತರಗತಿಯಲ್ಲಿ ಸದ್ದಿರಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಇದೆಲ್ಲ ಅಂಕಿಗಳ ಹುಚ್ಚು ಅನ್ನಿಸಿದರೆ ಇನ್ನೊಂದು ಅಂಕಿ ಹೇಳುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044, ಶಾಲೆಯವರೂ ಸೇರಿ. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ನಿವೃತ್ತ ನ್ಯಾಯಮೂರ್ತಿ ರವೀಂದ್ರ ಭಟ್ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಅಷ್ಟು ದೊಡ್ಡ ಕೋರ್ಟು ಮಧ್ಯೆ ಬರಬೇಕಾಯಿತು ಎಂದರೆ, ನಮ್ಮ ಕಪಾಟುಗಳಲ್ಲಿರುವ ಐದಕ್ಕೆ ಐದುಗಳ ಕಟ್ಟುಗಳು ಯಾರಿಗೆ ಏನು ಹೇಳುತ್ತಿದ್ದವು?

ನನಗೆ ಎದುರಾದ ಒಂದೇ ಒಂದು ಗಟ್ಟಿ ಆಕ್ಷೇಪಣೆ ಇದು: ರೋಲ್ ನಂಬರ್ ಬೇಡ ಅಂದರೆ, ಕಷ್ಟದಲ್ಲಿರುವ ಹುಡುಗಿ ಯಾರೆಂದು ತಿಳಿದು ನೆರವಾಗುವುದು ಹೇಗೆ? ಪ್ರಾಮಾಣಿಕ ಪ್ರಶ್ನೆ. ಇದಕ್ಕೆ ನನ್ನ ಬಳಿ ಇರುವುದು ಸಿದ್ಧಾಂತವಲ್ಲ, ಆ ಫೆಬ್ರವರಿಯ ಕಾಗದ. ಅದರ ಮೇಲೆ ರೋಲ್ ನಂಬರ್ ಇತ್ತು. ಹೆಸರಿತ್ತು, ಮೊಬೈಲ್ ನಂಬರ್ ಇತ್ತು, ತಂದೆಯ ಉದ್ಯೋಗ ಕೂಡ ಇತ್ತು. ನಾವು ಅವಳನ್ನು ಹುಡುಕಲಿಲ್ಲ.

ಈ ವರ್ಷದ ಫಾರ್ಮನ್ನು ನಾನೇ ಬರೆದೆ. ಹನ್ನೊಂದು ಪ್ರಶ್ನೆ, ಮರಾಠಿ, ಹಿಂದಿ, ಕನ್ನಡ, ಇಂಗ್ಲಿಷಿನಲ್ಲಿ. ಹೆಸರಿಲ್ಲ, ನಂಬರಿಲ್ಲ, ತುಂಬಿ ಲೈಬ್ರರಿಯ ಬಾಗಿಲಲ್ಲಿರುವ ಡಬ್ಬಿಗೆ ಹಾಕುವುದು. ಕೊನೆಯಲ್ಲಿ, ಯಾರೊಡನಾದರೂ ಮಾತಾಡಬೇಕೆನಿಸಿದರೆ ಎಂದು ಕಾಲೇಜಿನ ಹೊರಗಿನ ಆಪ್ತಸಲಹೆಗಾರರೊಬ್ಬರ ನಂಬರು, ಹರಿದುಕೊಂಡು ಹೋಗುವ ಹಾಗೆ. ಮಂಜೂರಾತಿಗೆ ಕಳಿಸಿದ್ದು ಮೂರನೇ ದಿನಕ್ಕೆ ವಾಪಸು ಬಂತು. ಪ್ರಶ್ನೆಗಳ ಬಗ್ಗೆ ಒಂದಕ್ಷರವಿಲ್ಲ. ಮೇಲೆ ಬಲಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಚೌಕ ಬರೆದು, ಪಕ್ಕದಲ್ಲಿ ಟಿಪ್ಪಣಿ: ‘ರೋಲ್ ನಂಬರ್ ಕಾಲಂ ಬಿಟ್ಟುಹೋಗಿದೆ. ಸೇರಿಸಿ ಮತ್ತೆ ಸಲ್ಲಿಸಿ.’

ಸೇರಿಸದೆ ಮತ್ತೆ ಸಲ್ಲಿಸಿದ್ದೇನೆ.